ಭರಣಿಯ ಗಿಡಕ್ಕೆ ನಾನು ಕೊಟ್ಟ ಮದ್ದು

ಯಾರ ಮನೆಗೆ ಹೋದರೂ, ಜಗಲಿಯಲ್ಲಿ ಚಟ್ಟಿಯ ಗಿಡವೊಂದು ಕಂಡರೆ ಕುಳಿತುಕೊಳ್ಳುವ ಮೊದಲು ಅದರ ಮಣ್ಣಿಗೆ ಬೆರಳು ತುರುಕಿ ನೋಡುವ ಚಾಳಿ ನನಗಿದೆ. ಒಳ್ಳೆಯ ಚಾಳಿಯೆಂದು ನಾನು ಹೇಳುವುದಿಲ್ಲ. ಕಳೆದ ತಿಂಗಳು ಪರಿಚಯದ ವಕೀಲರೊಬ್ಬರ ಮನೆಯಲ್ಲಿ ಹಾಗೆ ಬೆರಳಿಟ್ಟು ನೋಡಿ, ಅದನ್ನು ಪಂಚೆಗೆ ಒರಸಿ, ಅದೇ ಕೈಯಿಂದ ತಟ್ಟೆಯ ಚಕ್ಕುಲಿ ಎತ್ತಿಕೊಂಡೆ. ವಕೀಲರ ಹೆಂಡತಿ ತಟ್ಟೆಯನ್ನು ಪೂರ್ತಿ ನನ್ನ ಕಡೆಗೆ ಸರಿಸಿಬಿಟ್ಟರು. ಉಪಚಾರವೆಂದು ತಿಳಿದು ಎಲ್ಲವನ್ನೂ ತಿಂದೆ. ಬೇರೆ ಯಾರೂ ಯಾಕೆ ಮುಟ್ಟಲಿಲ್ಲವೆಂಬುದು ಹೊಳೆದದ್ದು ಮನೆಯ ದಾರಿ ಹಿಡಿದ ಮೇಲೆ.

ಈ ಬೆರಳಿನ ಕಥೆ ಹೇಳಬೇಕಾದರೆ ನಾನು ಹೆಣ್ಣು ನೋಡಲು ಹೋದ ಕಥೆಯನ್ನು ಹೇಳಬೇಕಾಗುತ್ತದೆ. ಎರಡರಲ್ಲಿಯೂ ನನಗೆ ಮರ್ಯಾದೆಯೇನಿಲ್ಲ. ಆದರೂ ಹೇಳುತ್ತೇನೆ.

ಆಗ ನಮ್ಮ ಕಡೆಯೆಲ್ಲ ಮದರಾಸಿಗೆ ಸೇರಿತ್ತು. ನಾನು ಮೀಂಜದ ಹತ್ತಿರ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿದ್ದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎರಡೂ ಇದ್ದವು. ಓದಿದ್ದೆ ಎಂಬುದು ಸತ್ಯ. ಪಾಸಾದೆಯೋ ಎಂದು ಊರಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಆ ಮಾತನ್ನು ಎತ್ತಿರಲಿಲ್ಲ. ಶಾಲೆಯ ಹಿಂದೆ ಮಕ್ಕಳ ಕೈಯಿಂದ ಬೆಂಡೆಯ ಬೀಜ ಹಾಕಿಸಿದ್ದೆ. ಪಕ್ಕದಲ್ಲಿಯೇ ಬಾವಿ, ಬೇಲಿಯಾಚೆ ಒಂದು ದನದ ಹಟ್ಟಿ. ಅಂಥ ಜಾಗದಲ್ಲಿ ಬೆಂಡೆಯ ಬದಲು ಬೆಂಚು ನೆಟ್ಟಿದ್ದರೂ ಚಿಗುರುತ್ತಿತ್ತು. ಆದರೆ ಹೆಸರು ಬಂದದ್ದು ನನಗೆ. "ಗಿಡದ ಮಾಸ್ಟ್ರು" ಎಂದು ಊರು ಕರೆಯಿತು. ನಮ್ಮ ಮನೆಯ ಕೃಷಿಜ್ಞಾನ ಎಷ್ಟಿತ್ತೆಂದರೆ, ಕಾಯಿ ಬಿಡದ ಹಲಸಿನ ಮರದ ಮುಂದೆ ನನ್ನ ಅಮ್ಮ ವರ್ಷಕ್ಕೊಮ್ಮೆ ಕತ್ತಿ ಹಿಡಿದು ನಿಂತು, "ಈ ಸಲ ಬಿಡದಿದ್ರೆ ಕಡಿದು ಹಾಕ್ತೇನೆ ನೋಡು" ಎಂದು ಹೆದರಿಸುತ್ತಿದ್ದಳು. ಮರ ಹೆದರಲಿಲ್ಲ. ಕತ್ತಿ ಕಂಡು ಹೆದರುತ್ತಿದ್ದವನು ನಾನೊಬ್ಬನೇ.

ನನ್ನ ಸೋದರಮಾವ ಈಶ್ವರ ಭಟ್ಟರು ಒಂದು ಜಾತಕ ಹಿಡಿದುಕೊಂಡು ಬಂದರು. ಹುಡುಗಿ ಕುಂಬಳೆಯವಳು. ಹೆಸರು ಭಾಗೀರಥಿ. ತಂದೆ ಅನಂತಯ್ಯನವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದು ನಿವೃತ್ತರಾದವರು. ತಾಯಿ ತೀರಿಕೊಂಡು ಎರಡು ವರ್ಷ. ಮನೆಯಲ್ಲಿ ಅನಂತಯ್ಯನವರ ತಾಯಿ, ಅಂದರೆ ಹುಡುಗಿಯ ಅಜ್ಜಿ ಇದ್ದಾರೆ. ಇಷ್ಟು ವಿವರ ಹೇಳಿ ಮಾವ, "ಅವರ ಮನೆಯ ಅವಲಕ್ಕಿ-ಸಜ್ಜಿಗೆ ಭಾರೀ ಲಾಯ್ಕ್ ಅಂತೆ ಮಾರಾಯ" ಎಂದು ಸೇರಿಸಿದರು. ಮಾವ ಯಾವ ಸಂಬಂಧವನ್ನೂ ನಾಲಿಗೆಯಿಂದಲೇ ಪರೀಕ್ಷಿಸುತ್ತಿದ್ದವರು.

ನವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಹೋದೆವು. ರೈಲು ಹಳಿಯಿಂದ ಕೂಗಳತೆಯಲ್ಲಿ ಹಂಚಿನ ಮನೆ. ಸ್ಟೇಷನ್ನು ಬಿಟ್ಟರೂ ಸ್ಟೇಷನ್ನು ಅನಂತಯ್ಯನವರನ್ನು ಬಿಟ್ಟಿರಲಿಲ್ಲ. ಗೋಡೆಯಲ್ಲಿ ದೊಡ್ಡ ಗಡಿಯಾರ, ಅದರ ಕೆಳಗೆ ಮನೆಯ ವೇಳಾಪಟ್ಟಿ. ಆರು-ಹತ್ತಕ್ಕೆ ಕಾಫಿ, ಹನ್ನೆರಡು-ಇಪ್ಪತ್ತಕ್ಕೆ ಊಟ. ನಾವು ಹತ್ತು ನಿಮಿಷ ತಡವಾಗಿ ತಲುಪಿದ್ದೆವು. ಅವರು ಗಡಿಯಾರ ನೋಡಿ ಏನೂ ಹೇಳಲಿಲ್ಲ. ಹೇಳಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಮಾಸ್ಟ್ರೇ" ಎಂದು ಮಾವ ನನ್ನನ್ನು ಗೌರವದಿಂದ ಕರೆದರು. ನಾನೂ ಅನಂತಯ್ಯನವರೂ ಒಟ್ಟಿಗೆ "ಆಂ?" ಎಂದೆವು. ಆ ಮಧ್ಯಾಹ್ನವಿಡೀ ಹೀಗೆಯೇ ನಡೆಯಿತು.

ಜಗಲಿಯ ಮೂಲೆಯಲ್ಲಿ ಒಂದು ಸ್ಟೂಲು, ಅದರ ಮೇಲೆ ಕಂದುಬಣ್ಣದ ಉಪ್ಪಿನಕಾಯಿ ಭರಣಿ, ಭರಣಿಯೊಳಗೆ ಒಂದು ಗಿಡ. ನಾನು ಅಂಥದ್ದನ್ನು ಮೊದಲು ಕಂಡಿರಲಿಲ್ಲ. ಹೆಬ್ಬೆರಳಿಗಿಂತ ದಪ್ಪದ ಕಾಂಡ, ಮೊಳದುದ್ದದ ಎಲೆ, ಎಲೆಯ ತುಂಬ ಸುಣ್ಣ ಎರಚಿದಂಥ ಬಿಳಿ ಚುಕ್ಕೆ. ಯಾರೋ ಇಂಜಿನಿಯರರ ಹೆಂಡತಿ ವರ್ಗವಾಗಿ ಹೋಗುವಾಗ ಅನಂತಯ್ಯನವರ ಹೆಂಡತಿಗೆ ಕೊಟ್ಟುಹೋದದ್ದಂತೆ. ಚಂದದ ಗಿಡವೇ. ಆದರೆ ಎಲೆಗಳೆಲ್ಲ ಸೋತು ಕೆಳಗೆ ಜೋತಿದ್ದವು.

"ಸಿಗ್ನಲ್ಲಿನ ಕೈಮರ ಬಿದ್ದ ಹಾಗೆ ಬಿದ್ದಿದೆ" ಎಂದರು ಅನಂತಯ್ಯ. "ಕೈಮರ ಬಿದ್ದರೆ ಗಾಡಿಯಾದರೂ ಬರ್ತದೆ. ಇದು ಬಿದ್ದು ಒಂದೂವರೆ ತಿಂಗಳಾಯ್ತು, ಎಂತದೂ ಇಲ್ಲ. ನೀವು ಗಿಡದ ಶಾಸ್ತ್ರ ಓದಿದವರಂತೆ. ಎಂತ ರೋಗ ಹೇಳಿ ನೋಡುವ?"

ಒಳಗಿನ ಬಾಗಿಲಲ್ಲಿ ಬಳೆಯ ಸದ್ದಾಯಿತು. ಹುಡುಗಿ ಅಲ್ಲಿ ನಿಂತಿದ್ದಾಳೆಂದು ಗೊತ್ತಾದೊಡನೆ ನನ್ನ ಬುದ್ಧಿ ಕೆಟ್ಟಿತು. ಗೊತ್ತಿಲ್ಲ ಎಂದು ಹೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಾನು ಎದ್ದು ಗಿಡದ ಸುತ್ತ ಒಂದು ಪ್ರದಕ್ಷಿಣೆ ಬಂದೆ. ಎಲೆಯನ್ನು ಎತ್ತಿ ಅಡಿಭಾಗ ನೋಡಿದೆ. "ಹೂಂ" ಎಂದೆ. ಆಮೇಲೆ ಒಂದು ಲ್ಯಾಟಿನ್ ಹೆಸರು ಹೇಳಬೇಕೆನಿಸಿತು. ನಾಲಿಗೆಯ ತುದಿಗೆ ಬಂದದ್ದು ಒಂದೇ ಹೆಸರು: "ಇದು ರಾನಾ ಟೈಗ್ರಿನಾ."

ಮಾವ ಸಂತೋಷದಿಂದ ತಲೆಯಾಡಿಸಿದರು. ರಾನಾ ಟೈಗ್ರಿನಾ ಎಂದರೆ ಕಪ್ಪೆ. ನಾವು ಕಾಲೇಜಿನಲ್ಲಿ ಕೊಯ್ಯುತ್ತಿದ್ದದ್ದು.

"ಇದಕ್ಕೆ ಹಸಿವೆ" ಎಂದು ನಾನು ಮುಂದುವರಿಸಿದೆ. "ಆಹಾರ ಸಾಲದು. ನೆಲಗಡಲೆ ಹಿಂಡಿಯನ್ನು ಮೂರು ದಿನ ನೀರಲ್ಲಿ ಕೊಳೆಸಿ, ದಿನಾ ಒಂದು ಚೆಂಬು ಹಾಕಿ. ನೀರನ್ನೂ ಸ್ವಲ್ಪ ಹೆಚ್ಚು ಕೊಡಿ."

"ಕೆಸುವಿನೆಲೆಯ ಹಾಗೆ ಪತ್ರೊಡೆಗೆ ಆಗ್ತದಾ ಅಂತ ನಾನೊಂದು ಚೂರು ಅಗಿದು ನೋಡಿದ್ದೆ" ಎಂದು ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಬಾಯಿ ಹಾಕಿದರು. "ನಾಲಿಗೆ ಊದಿ ಒಂದೂವರೆ ದಿನ ಮಾತಾಡ್ಲಿಕ್ಕೆ ಆಗ್ಲಿಲ್ಲ."

"ಮನೆಯಲ್ಲಿ ಅಷ್ಟು ಶಾಂತಿ ಮತ್ತೆ ಸಿಗ್ಲಿಲ್ಲ" ಎಂದರು ಅನಂತಯ್ಯ.

ಭಾಗೀರಥಿ ಅವಲಕ್ಕಿ-ಸಜ್ಜಿಗೆ ತಂದಿಟ್ಟಳು. ನಾನು ಅವಳ ಮುಖ ನೋಡಬೇಕಿತ್ತು, ಅದಕ್ಕಾಗಿಯೇ ಹೋದದ್ದು. ಆದರೆ ಅವಳು ನನ್ನ ಮುಖವನ್ನು ನೋಡಿದ ರೀತಿ ಹೇಗಿತ್ತೆಂದರೆ, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನಾನು ತರಗತಿಯಲ್ಲಿ ಹಾಗೆ ನೋಡುತ್ತಿದ್ದೆ. ನಾನು ತಟ್ಟೆಯನ್ನೇ ನೋಡಿದೆ. ಮಾವ ಎರಡನೇ ಸಲ ಹಾಕಿಸಿಕೊಂಡರು.

ಎರಡು ವಾರ ಕಳೆದು ಕಾರ್ಡು ಬಂತು. ಒಪ್ಪಿಗೆಯ ಕಾಗದವೆಂದು ಅಮ್ಮ ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ನಾನು ಓದಿದೆ. "ಗಿಡ ಗಂಭೀರ. ಕೂಡಲೇ ಬನ್ನಿ. ಅನಂತಯ್ಯ." ರೈಲ್ವೆಯ ತಂತಿ ಬರೆದು ಬರೆದು ಅವರ ಕೈ ಹಾಗಾಗಿತ್ತು.

ಆ ಶನಿವಾರ ಮಧ್ಯಾಹ್ನ ಒಬ್ಬನೇ ಹೋದೆ. ಮನೆಯ ಗೇಟಿಗೆ ಇನ್ನೂ ಇಪ್ಪತ್ತು ಮಾರು ಇರುವಾಗಲೇ ನನ್ನ ಮದ್ದು ನನ್ನನ್ನು ಎದುರುಗೊಂಡಿತು. ಹಿಂಡಿ ಕೊಳೆತ ವಾಸನೆ. ಅನಂತಯ್ಯ ಪೇಟೆಗೆ ಹೋಗಿದ್ದರು. ಅಜ್ಜಿ ಮೂಗಿಗೆ ಸೆರಗು ಹಿಡಿದು ಚಾವಡಿಯಲ್ಲಿ ಮಲಗಿದ್ದರು. ಭರಣಿಯನ್ನು ಅಂಗಳಕ್ಕೆ ದಾಟಿಸಲಾಗಿತ್ತು. ಅರ್ಧ ಎಲೆಗಳು ಹಳದಿಯಾಗಿದ್ದವು, ಎರಡು ಉದುರಿದ್ದವು. ಅದರ ಪಕ್ಕದಲ್ಲಿ ಭಾಗೀರಥಿ ನಿಂತಿದ್ದಳು.

"ನಿಮ್ಮ ಮದ್ದಿನಿಂದ ಒಂದು ಉಪಕಾರ ಆಯ್ತು" ಎಂದಳು. "ಹದಿನೈದು ದಿನದಿಂದ ನೆಂಟರು ಯಾರೂ ಬರ್ಲಿಲ್ಲ."

ನಾನು ಏನೋ ಹೇಳಲು ಹೊರಟೆ.

"ಬೆರಳು ಹಾಕಿ ನೋಡಿ" ಎಂದಳು.

"ಎಲ್ಲಿ?"

"ಮಣ್ಣಿಗೆ. ಮತ್ತೆಲ್ಲಿ?"

ಹಾಕಿದೆ. ಬೆರಳು ಸಲೀಸಾಗಿ ಬುಡದವರೆಗೆ ಇಳಿಯಿತು. ಅದು ಮಣ್ಣಾಗಿರಲಿಲ್ಲ, ಗದ್ದೆಯ ಕೆಸರು. ಬೆರಳು ಕಪ್ಪಾಗಿ ಹೊರಬಂತು. ವಾಸನೆಯ ವಿಷಯ ಬಿಡಿ.

"ಬಾಡುವುದು ಎರಡು ತರ ಉಂಟು" ಎಂದು ಅವಳು ನನಗೆ, ಸಸ್ಯಶಾಸ್ತ್ರ ಓದಿದವನಿಗೆ, ಪಾಠ ಹೇಳಿದಳು. "ನೀರಿಲ್ಲದೆ ಬಾಡಿದ್ರೆ ಎಲೆ ಒಣಗಿ ಗರಿಗರಿ ಆಗ್ತದೆ. ಇದು ನೋಡಿ, ಹಳದಿ, ಮೆತ್ತಗೆ. ಬೇರು ಕೊಳೆತಿದೆ. ಅಪ್ಪ ದಿನಕ್ಕೆ ಎರಡು ಸಲ ಟೈಮ್ ನೋಡಿ ಹೊಯ್ತಾರೆ. ಅಜ್ಜಿ ದೇವರ ಅಭಿಷೇಕದ ನೀರು ಹೊಯ್ತಾರೆ, ಅದು ಆದ ಮೇಲೆ ಅಕ್ಕಿ ತೊಳೆದ ನೀರು. ಬಂದವರೆಲ್ಲ ಲೋಟದಲ್ಲಿ ಉಳಿದದ್ದು ಹೊಯ್ತಾರೆ. ಭರಣಿಗೆ ಅಡಿಯಲ್ಲಿ ತೂತು ಉಂಟಾ? ಈ ನೀರೆಲ್ಲ ಎಲ್ಲಿಗೆ ಹೋಗ್ಬೇಕು?"

ಉಪ್ಪಿನಕಾಯಿ ಭರಣಿಗೆ ಅಡಿಯಲ್ಲಿ ತೂತು ಇರುವುದಿಲ್ಲವೆಂದು ನನಗೂ ಗೊತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿದ್ದು ಹೊಳೆಯಲಿಲ್ಲ, ಅಷ್ಟೆ.

"ಇಷ್ಟೆಲ್ಲ ಗೊತ್ತಿದ್ರೆ ನೀವೇ ಅವರಿಗೆ ಹೇಳಬಹುದಿತ್ತಲ್ಲ?" ಎಂದೆ ಸ್ವಲ್ಪ ಸಿಟ್ಟಿನಿಂದ.

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಗಿಡ ಅವಳ ಅಮ್ಮನದ್ದು. ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ಅದು ತೂತು ಬಿದ್ದ ಚಿಮಿಣಿ ಎಣ್ಣೆಯ ಡಬ್ಬದಲ್ಲಿ ಹಾಯಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಈ ಮನೆಗೆ ಬರುವಾಗ ಡಬ್ಬ ತುಕ್ಕು ಹಿಡಿದು ಒಡೆಯಿತು. ಅಮ್ಮ ಮಾವಿನ ಮಿಡಿ ಹಾಕುತ್ತಿದ್ದ ಭರಣಿಯನ್ನು ಅಪ್ಪ ತಾವೇ ತೊಳೆದು, ತಾವೇ ಮಣ್ಣು ತುಂಬಿಸಿ, ಗಿಡ ನೆಟ್ಟರು. "ಅವಳದ್ದು ಅವಳದ್ದರಲ್ಲೇ ಇರ್ಲಿ" ಎಂದು ಹೇಳಿ ಕಣ್ಣೊರೆಸಿಕೊಂಡರು.

"ನೀವೇ ಅಮ್ಮನ ಗಿಡವನ್ನು ಮುಳುಗಿಸಿ ಕೊಲ್ತಾ ಇದ್ದೀರಿ ಅಂತ ನಾನು ಹೇಗೆ ಹೇಳುವುದು?" ಎಂದಳು. "ನೀವು ಹೊರಗಿನವರು. ಕಲಿತವರು ಅಂತ ಅಪ್ಪನಿಗೆ ನಂಬಿಕೆ ಬೇರೆ ಉಂಟು. ಯಾಕೆ ಅಂತ ನನಗೆ ಗೊತ್ತಿಲ್ಲ. ನೀವು ಹೇಳಿ."

ಅಷ್ಟರಲ್ಲಿ ಅನಂತಯ್ಯ ಗೇಟು ತೆರೆದುಕೊಂಡು ಬಂದರು. ಕೈಯಲ್ಲಿ ಪೊಟ್ಟಣ. ಇನ್ನಷ್ಟು ನೆಲಗಡಲೆ ಹಿಂಡಿ.

ಅವರ ಮುಖದಲ್ಲಿ ನನ್ನನ್ನು ಕಂಡು ಮೂಡಿದ ಭರವಸೆಯನ್ನು ನೋಡಿ ನನಗೆ ಒಂದು ಉಪಾಯ ಹೊಳೆಯಿತು. ತಪ್ಪನ್ನೆಲ್ಲ ನನ್ನ ಮೇಲೆ ಹಾಕಿಕೊಂಡರೆ ಮುಗಿಯಿತಲ್ಲ! ಸಂಬಂಧ ಮುರಿಯಬಹುದು. ಆದರೆ ಮುದುಕರ ಮನಸ್ಸು ನೋಯುವುದಿಲ್ಲ, ಹುಡುಗಿಯ ಎದುರು ನಾನೂ ಸ್ವಲ್ಪ ದೊಡ್ಡವನಾಗುತ್ತೇನೆ. ಈ ಎರಡನೆಯ ಲಾಭ ನನಗೆ ಮೊದಲು ಹೊಳೆದಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

"ಕ್ಷಮಿಸ್ಬೇಕು" ಎಂದೆ. "ಗಿಡ ಹಾಳಾದದ್ದು ನನ್ನ ಮದ್ದಿನಿಂದ. ನೀವು ಹೊಯ್ದ ನೀರಿನಿಂದ ಅದಕ್ಕೆ ಎಂತದೂ ಆಗಿರ್ಲಿಲ್ಲ. ಹಿಂಡಿ ಹಾಕಿದ ಮೇಲೆಯೇ ಬೇರು ಕೊಳೆತದ್ದು."

ಅನಂತಯ್ಯ ಪೊಟ್ಟಣವನ್ನು ಜಗಲಿಯಲ್ಲಿಟ್ಟು ಒಳಗೆ ಹೋದರು. ಬರುವಾಗ ಕೈಯಲ್ಲಿ ಉದ್ದನೆಯ ಒಂದು ಪುಸ್ತಕವಿತ್ತು. ಕನ್ನಡಕ ಹಾಕಿಕೊಂಡು, ಪುಟ ತಿರುವಿ, ಬೆರಳಿಟ್ಟು ಓದತೊಡಗಿದರು. "ಭಾದ್ರಪದ ಶುದ್ಧ ಪಂಚಮಿ. ಬೆಳಿಗ್ಗೆ ಆರು-ಹತ್ತು. ನೀರು ಒಂದು ಚೆಂಬು. ಎರಡು ಎಲೆ ಬಗ್ಗಿದೆ. ಸಂಜೆ ಐದು-ನಲ್ವತ್ತು. ನೀರು ಒಂದು ಚೆಂಬು. ಮೂರು ಎಲೆ ಬಗ್ಗಿದೆ." ಪುಸ್ತಕ ಮುಚ್ಚಿದರು. ಗಿಡಕ್ಕೆ ನೀರು ಹಾಕಿದ್ದನ್ನು, ಎಲೆ ಬಿದ್ದದ್ದನ್ನು, ರೈಲು ಬಂದದ್ದು ಹೋದದ್ದನ್ನು ಬರೆದಿಡುವಂತೆ ದಿನವೂ ಬರೆದಿಟ್ಟಿದ್ದರು.

"ನೀವು ಈ ಮನೆಗೆ ಬಂದದ್ದು ಆಶ್ವಯುಜದಲ್ಲಿ. ನೀವು ಬರುವುದಕ್ಕಿಂತ ಒಂದೂವರೆ ತಿಂಗಳು ಮೊದಲೇ ಎಲೆ ಬಿದ್ದಿದೆ. ಸುಳ್ಳು ಯಾಕೆ ಹೇಳ್ತೀರಿ ಮಾಸ್ಟ್ರೇ?"

ನಾನು ಭಾಗೀರಥಿಯನ್ನು ನೋಡಿದೆ. ಅವಳು ಆಕಾಶ ನೋಡುತ್ತಿದ್ದಳು. ಇನ್ನು ದಾರಿಯಿರಲಿಲ್ಲ. ನೀರು ಹೆಚ್ಚಾದದ್ದು, ಭರಣಿಗೆ ತೂತಿಲ್ಲದ್ದು, ಬೇರು ಕೊಳೆತದ್ದು, ಎಲ್ಲವನ್ನೂ ಹೇಳಿದೆ. ಇದನ್ನು ಕಂಡುಹಿಡಿದದ್ದು ನಾನಲ್ಲ, ನಿಮ್ಮ ಮಗಳು ಎಂದೂ ಹೇಳಿದೆ. ನಾನು ಹೇಳಿದ್ದು ಕಪ್ಪೆಯ ಹೆಸರೆಂಬುದನ್ನೂ ಹೇಳಿಬಿಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ. ಸತ್ಯ ಹೇಳುವ ಅಭ್ಯಾಸವಿಲ್ಲದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಅನಂತಯ್ಯ ಜಗಲಿಯ ಮೆಟ್ಟಿಲ ಮೇಲೆ ಕುಳಿತರು. ಪುಸ್ತಕ ತೊಡೆಯ ಮೇಲಿತ್ತು. ಅದರ ರಟ್ಟನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. "ಅಂದ್ರೆ ನಾನೇ" ಎಂದರು ಕೊನೆಗೆ.

ಚಾವಡಿಯಿಂದ ಅಜ್ಜಿಯ ದನಿ ಬಂತು. "ಅನಂತಾ, ಅವಳು ಇದ್ದಿದ್ರೆ ಗಿಡದ ವಿಷಯ ಹಾಗಿರ್ಲಿ, ಉಪ್ಪಿನಕಾಯಿ ಭರಣಿಗೆ ಮಣ್ಣು ತುಂಬಿಸಿದ್ದಕ್ಕೆ ನಿನ್ನನ್ನು ಎರಡು ದಿನ ಊಟಕ್ಕೆ ಕರೀತಿರ್ಲಿಲ್ಲ."

ಅನಂತಯ್ಯ ತಲೆಯೆತ್ತಿದರು. "ಹೌದಮ್ಮ" ಎಂದರು. "ಬೈತಿದ್ದಳು." ಅವರ ಹೊಟ್ಟೆ ಕುಲುಕಾಡಿತು. ನಗುತ್ತಿದ್ದಾರೆಂದು ನಾನೂ ನಗಲು ಹೋದೆ. ಅವರು ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಂಡದ್ದನ್ನು ಕಂಡು ಬಾಯಿ ಮುಚ್ಚಿದೆ. ಭಾಗೀರಥಿ ಹೋಗಿ ಅವರ ಪಕ್ಕದಲ್ಲಿ ಕುಳಿತಳು. ನಾನು ಅಂಗಳದಲ್ಲಿ ಕಪ್ಪು ಬೆರಳೊಂದನ್ನು ದೂರ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಕೆಲಸ ಶುರುವಾಯಿತು. ಭರಣಿಯ ಕುತ್ತಿಗೆ ಸಣ್ಣದು. ಗಿಡವನ್ನು ಬುಡಸಮೇತ ತೆಗೆಯಬೇಕಾದರೆ ಭರಣಿ ಒಡೆಯಬೇಕು. ಅನಂತಯ್ಯ ಒಮ್ಮೆ ಭರಣಿಯನ್ನು, ಒಮ್ಮೆ ಗಿಡವನ್ನು ನೋಡುತ್ತ ನಿಂತರು. ಎರಡೂ ಹೆಂಡತಿಯದ್ದೇ.

"ಎರಡೂ ಉಳೀತದೆ ಅಪ್ಪ" ಎಂದಳು ಭಾಗೀರಥಿ. "ಕಾಂಡ ಇನ್ನೂ ಗಟ್ಟಿ ಉಂಟು. ಕೊಳೆತ ಭಾಗದಿಂದ ಮೇಲೆ ಕಡಿದು ನೆಟ್ಟರೆ ಬೇರು ಬರ್ತದೆ."

ಅವಳು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡಳು. ನನಗೂ ಕೊಡಲು ಬಂದಳು. ಬೇಡವೆಂದೆ. ಕತ್ತಿ ಅನಂತಯ್ಯನವರ ಕೈಗೇ ಕೊಟ್ಟಳು. ಅವರು ಕಣ್ಣು ಮುಚ್ಚಿ ಒಂದೇ ಏಟಿಗೆ ಕಡಿದರು. ಕಣ್ಣು ಮುಚ್ಚಿದ್ದರಿಂದ ನನ್ನ ಹೆಬ್ಬೆರಳು ಕೂದಲೆಳೆಯಲ್ಲಿ ಉಳಿಯಿತು. ಹಳದಿ ಎಲೆಗಳನ್ನು ತೆಗೆದು, ತುದಿಯ ಎರಡೆಲೆ ಮಾತ್ರ ಉಳಿಸಿದೆವು. ಮಣ್ಣಿನ ಚಟ್ಟಿಯೊಂದರ ಅಡಿಗೆ ಮೊಳೆಯಿಂದ ಮೂರು ತೂತು ಮಾಡಿ, ಹಂಚಿನ ಚೂರು ಹಾಕಿ, ಅರ್ಧ ಹೊಳೆಯ ಹೊಯಿಗೆ ಅರ್ಧ ಮಣ್ಣು ತುಂಬಿಸಿ ನೆಟ್ಟೆವು. ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟೆವು. ಅಷ್ಟರಲ್ಲಿ ನನ್ನ ಎರಡು ಕೈಗೂ ತುರಿಕೆ ಹತ್ತಿ ಮೊಣಕೈವರೆಗೆ ಏರಿತ್ತು. ಎಣ್ಣೆ ಬೇಡವೆಂದವನಿಗೆ ಅಜ್ಜಿ ಹುಣಸೆಹುಳಿ ಕಿವುಚಿ ಕೊಟ್ಟು, "ಇದೂ ಶಾಸ್ತ್ರದಲ್ಲಿ ಇರ್ಲಿಲ್ವಾ?" ಎಂದು ಕೇಳಿದರು.

ಬೆರಳಿಗೆ ಮಣ್ಣು ಒಣಗಿದೆಯೆಂದು ತಿಳಿದ ಮೇಲೆ ಮಾತ್ರ ನೀರು. ಇದು ಭಾಗೀರಥಿಯ ಕಟ್ಟಪ್ಪಣೆ. ಗಿಡ ಇದನ್ನು ಒಪ್ಪಿತು, ಅನಂತಯ್ಯನವರಿಗೆ ಕಷ್ಟವಾಯಿತು. ಪ್ರತಿ ಶನಿವಾರ ಬಂದು ಗಿಡ ನೋಡಿಹೋಗಬೇಕೆಂದು ಅವರು ನನಗೆ ಹೇಳಿದ್ದರು. ಮಾವನಿಗೆ ಇದು ಸರಿಬರಲಿಲ್ಲ. "ಒಪ್ಪಿಗೆ ಆಗ್ಲಿಲ್ಲ, ನಿಶ್ಚಯ ಆಗ್ಲಿಲ್ಲ, ವಾರ ವಾರ ಹೋಗುವುದು ಎಂತ ಮಾರಾಯ? ಜನ ಎಂತ ಹೇಳ್ತಾರೆ?" ಎಂದರು. ಗಿಡ ನೋಡಲು ಹೋಗುವುದೆಂದೆ. "ಹಾಗಾದ್ರೆ ನಾನೂ ಒಮ್ಮೆ ಗಿಡ ನೋಡ್ತೇನೆ" ಎಂದು ಅವಲಕ್ಕಿಯ ನೆನಪಿನಲ್ಲಿ ಒಂದು ಶನಿವಾರ ಅವರೂ ಬಂದರು.

ಸಂಜೆ ಐದು-ನಲ್ವತ್ತಾದರೆ ಅನಂತಯ್ಯ ತಾವಾಗಿಯೇ ಎದ್ದುನಿಲ್ಲುತ್ತಿದ್ದರು. ಚೆಂಬಿನಲ್ಲಿ ನೀರು ತುಂಬಿಸಿ ಗಿಡದವರೆಗೆ ಹೋಗಿ, ಬೆರಳಿಟ್ಟು ನೋಡಿ, ಒದ್ದೆಯಿದ್ದರೆ ಏನು ಮಾಡುವುದೆಂದು ತಿಳಿಯದೆ ನಿಲ್ಲುತ್ತಿದ್ದರು. ಒಂದು ದಿನ ಹಾಗೆ ನಿಂತವರು ನನಗೆ ಹೇಳಿದರು: "ಅವಳು ನೀರು ಹೊಯ್ಯುವಾಗ ಈ ಗಿಡದ ಹತ್ರ ನನ್ನ ಮೇಲೆ ದೂರು ಹೇಳ್ತಿದ್ದಳು ಮಾಸ್ಟ್ರೇ. ಟೈಮಿಗೆ ಉಣ್ಣುವುದಿಲ್ಲ, ಹೇಳಿದ್ದು ಕೇಳುವುದಿಲ್ಲ ಅಂತ. ನಾನು ಒಳಗೆ ಟಿಕೇಟು ಕೊಡ್ತಿದ್ದೆ. ನನಗೆ ಕೇಳ್ಬೇಕು ಅಂತಲೇ ಗಟ್ಟಿಯಾಗಿ ಹೇಳ್ತಿದ್ದಳು. ನೀರು ಹೊಯ್ಯಲಿಕ್ಕೆ ಹೋದಾಗ ಅದು ಒಂದು ನೆನಪಾಗ್ತದೆ." ಅಂಗಳದಾಚೆ ಎರಡು ತೆಂಗಿನ ಸಸಿಗಳಿದ್ದವು. ಚೆಂಬನ್ನು ಅಲ್ಲಿಗೆ ಒಯ್ದು ಹೊಯ್ಯಬಹುದಲ್ಲ ಎಂದೆ. ತೆಂಗು ಎಷ್ಟು ಕುಡಿದರೂ ಬೇಡವೆನ್ನುವುದಿಲ್ಲ. ನನ್ನ ಜೀವಮಾನದಲ್ಲಿ ಗಿಡಗಳ ವಿಷಯದಲ್ಲಿ ನಾನು ಸ್ವಂತವಾಗಿ ಹೇಳಿದ ಸರಿಯಾದ ಮಾತು ಇದೊಂದೇ.

ಎಂಟನೆಯ ವಾರವೋ ಏನೋ, ಎರಡೆಲೆಗಳ ನಡುವಿನಿಂದ ಸುರುಳಿ ಸುತ್ತಿಕೊಂಡ ಮೂರನೆಯದು ಹೊರಟಿತು. ನೇರವಾಗಿ, ಮೇಲಕ್ಕೆ. ಮಾವನೂ ಇದ್ದ ದಿನ ಅದು. ಅನಂತಯ್ಯ ಪುಸ್ತಕ ತಂದು ಬರೆದರು, ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿದರು. ಅದೇ ಸಂತೋಷದಲ್ಲಿ ಮಾವನ ಕಡೆ ತಿರುಗಿ, "ಇನ್ನೆಂತ ಭಟ್ರೇ, ಮುಹೂರ್ತ ಇಡಿಸುವ" ಎಂದರು. ಮಾವ ಬಾಯಲ್ಲಿದ್ದ ಅವಲಕ್ಕಿ ನುಂಗಿ, ಧಾರಾಳವಾಗಿ ತಲೆಯಾಡಿಸಿದರು.

"ಅಪ್ಪ" ಎಂದಳು ಭಾಗೀರಥಿ ಬಾಗಿಲಿನಿಂದ. "ನನ್ನ ಹತ್ರ ಯಾರೂ ಕೇಳ್ಲಿಲ್ಲ."

ಅಂಥ ಮಾತನ್ನು ಆ ಕಾಲದಲ್ಲಿ ನಮ್ಮ ಕಡೆಯ ಯಾವ ಜಗಲಿಯೂ ಕೇಳಿರಲಾರದು. ಅನಂತಯ್ಯ ಸಾವರಿಸಿಕೊಂಡು, "ಆಯ್ತು, ಈಗ ಕೇಳ್ತೇನೆ. ಹೇಳು ಮಗಾ" ಎಂದರು.

"ನೀವಲ್ಲ. ಅವರು ಕೇಳ್ಲಿ."

ಎಲ್ಲರೂ ನನ್ನನ್ನು ನೋಡಿದರು. ಎದ್ದು ನಿಂತೆ. ಎರಡು ತಿಂಗಳು ವಾರ ವಾರ ಆ ಮನೆಗೆ ಹೋಗಿ, ಮಣ್ಣಿಗೆ ಬೆರಳು ಹಾಕಿ ಬೇಕೋ ಬೇಡವೋ ಎಂದು ತಿಳಿದುಕೊಳ್ಳುತ್ತಿದ್ದವನಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಶಾಲೆಯಲ್ಲಿ ನಾನು ಮಗ್ಗಿ ಹೇಳಿಸಿದರೆ ಮಕ್ಕಳು ಬೇಲಿಯಾಚೆಯ ಹಟ್ಟಿಯ ದನಗಳೂ ಬೆಚ್ಚುವಂತೆ ಕೂಗುತ್ತಿದ್ದರು, ಅವರಿಗಿಂತ ಜೋರು ನನ್ನ ಗಂಟಲು. ಆ ದಿನ ಅದರಿಂದ ಗಾಳಿ ಮಾತ್ರ ಬಂತು. ಎರಡನೆಯ ಸಲ ಪ್ರಯತ್ನಿಸಿದೆ.

"ನೀವು... ನನ್ನನ್ನು ಮದುವೆ ಆಗ್ತೀರಾ?"

ಮಾವ ಕೆಮ್ಮಿದರು. ಮದುವೆಯಾಗುವ ಹುಡುಗಿಯನ್ನು ಬಹುವಚನದಲ್ಲಿ ಕರೆದ ಗಂಡು ಅವರ ವಂಶದಲ್ಲಿಯೇ ಇರಲಿಲ್ಲ. ಭಾಗೀರಥಿ ಸ್ವಲ್ಪ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಅದು ಮುಖದಲ್ಲಿ ಕಾಣುತ್ತಿತ್ತು.

"ಆಯ್ತು" ಎಂದು ಹೇಳಿ ಒಳಗೆ ಹೋದಳು.

ಮದುವೆಯಾಗಿ ಇಷ್ಟು ವರ್ಷಗಳಾದವು. ಆ ಬಹುವಚನವನ್ನು ಏಕವಚನಕ್ಕೆ ಇಳಿಸುವ ಧೈರ್ಯ ನನಗೆ ಈವರೆಗೆ ಬಂದಿಲ್ಲ.